ಪ ತೆಗೆದು ಹ ಹಾಕಿ

ನೀವಿದನ್ನ ನಂಬಲ್ಲ. ಬೇಕಾದ್ರೆ ಬೆಟ್ ಕಟ್ಟಿ. ನಮ್ಮಪ್ಪ ಅಮ್ಮನ ಡೈವೋರ್ಸ್ ನಿಲ್ಸೋಕೆ ಅಂತ ನನ್ನ ತಂಗಿ, ವಯಸ್ಸು ಏಳು, ತೂಕ ಅವಳ ಸ್ಕೂಲ್ ಬ್ಯಾಗಿಗಿಂತ ಸ್ವಲ್ಪ ಕಮ್ಮಿ, ದಿನಕ್ಕೆ ಹನ್ನೆರಡು ಲೋಟ ಹಾಲು ಕುಡಿದ್ಲು. ಸರಿ, ಹನ್ನೆರಡಲ್ಲ. ಆರು. ಆಯ್ತಪ್ಪಾ, ನಾಲ್ಕು. ಆದ್ರೆ ಲೋಟ ಎಷ್ಟು ದೊಡ್ಡದು ಗೊತ್ತಾ? ಅಪ್ಪ ಮಜ್ಜಿಗೆ ಕುಡಿಯೋ ಸ್ಟೀಲ್ ಲೋಟ. ಅದರಲ್ಲಿ ಬೆಕ್ಕಿನ ಮರಿಗೆ ಸ್ನಾನ ಮಾಡಿಸ್ಬೋದು. ಅವಳ ತಲೆಗೆ ಈ ಹಾಲಿನ ಐಡಿಯಾ ಹಾಕಿದ್ದು ಯಾರು ಅಂತ ಈಗ್ಲೇ ಕೇಳ್ಬೇಡಿ. ಆ ಮಹಾನುಭಾವ ಯಾರು ಅಂತ ಹೇಳೋಕೆ ನಂಗೆ ಸ್ವಲ್ಪ ಧೈರ್ಯ ಬೇಕು.

ಇದನ್ನ ಕನ್ನಡದಲ್ಲಿ ಯಾಕೆ ಬರೀತಿದೀನಿ ಅಂದ್ರೆ, ನಾವಿರೋದು ತಮಿಳು ಊರು, ನನ್ನ ಕ್ಲಾಸಲ್ಲಿ ಒಬ್ಬನಿಗೂ ಕನ್ನಡ ಓದೋಕೆ ಬರಲ್ಲ. ನೋಟ್‌ಬುಕ್ಕು ಬೆಂಚ್ ಮೇಲೆ ಬಿಚ್ಚಿಟ್ಟು ಕ್ಯಾಂಟೀನಿಗೆ ಹೋಗ್ಬೋದು. "ಎನ್ನಡಾ ಇದು, ಪೇಜ್ ಪೂರಾ ಜಿಲೇಬಿ ಹಾಕಿದ್ದೀಯಾ?" ಅಂತಾರೆ, ಅಷ್ಟೇ. ಅಕ್ಷರ ಕಲಿಸಿದ್ದು ಮೈಸೂರಿನ ಅಜ್ಜಿ, ಬೇಸಿಗೆ ರಜೇಲಿ. ಒಂದು ಅಕ್ಷರಕ್ಕೆ ಒಂದು ಚಕ್ಕುಲಿ, ಒತ್ತಕ್ಷರಕ್ಕೆ ಎರಡು. ಅದಕ್ಕೇ ನಾನು ಒತ್ತಕ್ಷರದಲ್ಲಿ ಸ್ಟ್ರಾಂಗು.

ನಮ್ಮನೆ ಅಣ್ಣಾ ನಗರ್‌ನಲ್ಲಿ, ಮೂರನೇ ಫ್ಲೋರು. ಅಪ್ಪ ಮಂಡ್ಯ ಕಡೆಯವರು, ಬ್ಯಾಂಕಲ್ಲಿದ್ದಾರೆ. ಅಮ್ಮ ಮೈಸೂರು, ಶೋಳಿಂಗನಲ್ಲೂರಲ್ಲಿ ಐಟಿ ಕೆಲಸ. ಬೆಳಿಗ್ಗೆ ಏಳೂವರೆಗೆ ಆಫೀಸ್ ಕ್ಯಾಬ್ ಹತ್ತಿದ್ರೆ ವಾಪಸ್ ಬರೋ ಹೊತ್ತಿಗೆ ನಾವು ಹೋಂವರ್ಕ್ ಮಾಡಿಲ್ಲ ಅನ್ನೋದಕ್ಕೆ ಮೂರು ಬೇರೆ ಬೇರೆ ಕಾರಣ ರೆಡಿ ಮಾಡಿರ್ತೀವಿ. ಅವರಿಬ್ರೂ ನಮ್ಮ ಹತ್ರ ಕನ್ನಡದಲ್ಲಿ ಮಾತಾಡ್ತಾರೆ, ನಾವು ಅರ್ಧ ತಮಿಳಲ್ಲಿ ಉತ್ತರ ಕೊಡ್ತೀವಿ. ಇದರಿಂದ ಅವರಿಗೆ ಒಂದು ದೊಡ್ಡ ಭ್ರಮೆ. ಈ ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೇ ಅಂತ. ಗುಟ್ಟಿನ ವಿಷಯ ಬಂತು ಅಂದ್ರೆ ಇಬ್ರೂ ವಾರ್ತೆ ಓದೋರ ಥರ ಶುದ್ಧ ಕನ್ನಡಕ್ಕೆ ಇಳೀತಾರೆ. "ಚಿಕ್ಕವಳ ಉಡುಗೊರೆ ಕಪಾಟಿನ ಮೇಲ್ಭಾಗದಲ್ಲಿದೆ" ಅಂತ ಒಂದ್ಸಲ ಅಮ್ಮ ಅಂದ್ಲು. ಐದು ನಿಮಿಷದಲ್ಲಿ ನಾನು ಮೇಲ್ಭಾಗ, ಕೆಳಭಾಗ, ಹಿಂಭಾಗ ಎಲ್ಲಾ ನೋಡಿ ಬಂದಿದ್ದೆ.

ಇನ್ನೊಂದು ವಿಷಯ ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ಬೇಕಾಗುತ್ತೆ. ಅಮ್ಮಂಗೆ ಸುಳ್ಳು ಹೇಳೋಕೆ ಬರಲ್ಲ. ಹೇಳಿದ್ರೆ ಕೈ ತಾನಾಗೇ ಹೋಗಿ ಬಲಗಡೆ ಓಲೆ ಮುಟ್ಕೊಳುತ್ತೆ. "ಈ ಸಲ ನಿಂಗೆ ಫೋನ್ ಕೊಡ್ಸ್ತೀನಿ" ಅಂದಾಗ ಆ ಓಲೆ ಕಿತ್ತು ಬರೋ ಹಾಗೆ ತಿರುಗಿಸ್ತಿದ್ಲು. ಇದು ನನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ, ಅಪ್ಪಂಗೂ ಗೊತ್ತಿಲ್ಲ. ಗೊತ್ತಿದ್ರೆ ಇಷ್ಟು ವರ್ಷ ಅವರು ಅಷ್ಟು ಸಲ ಮೋಸ ಹೋಗ್ತಿರ್ಲಿಲ್ಲ.

ಸರಿ. ಅನುಮಾನ ಶುರುವಾಗಿದ್ದು ಗೀಸರಿಂದ.

ನಾನು ಹುಟ್ಟಿದಾಗಿನಿಂದ ನಮ್ಮನೇಲಿ ಅಪ್ಪ ಸ್ನಾನ ಮಾಡಿ ಗೀಸರ್ ಆಫ್ ಮಾಡದೆ ಬರ್ತಾರೆ, ಅಮ್ಮ ಕೂಗ್ತಾಳೆ. ಇದು ನಮ್ಮನೆ ಸುಪ್ರಭಾತ. "ರೀ, ಆ ಗೀಸರ್‌ಗೂ ಒಂದು ರಿಟೈರ್‌ಮೆಂಟ್ ಅಂತ ಇದೆ ಕಣ್ರೀ!" "ಮರ್ತೋಯ್ತು ಕಣೇ, ಅದಕ್ಯಾಕೆ ಊರು ಒಂದು ಮಾಡ್ತೀಯ?" ಹೀಗೆ ಹದಿನೈದು ವರ್ಷ. ನಾನು ಅಲಾರಂ ಇಟ್ಕೊಂಡೇ ಇಲ್ಲ. ಒಂದು ಸೋಮವಾರ ಅಮ್ಮ ಬಾತ್‌ರೂಮಿಂದ ಬಂದು ಮೆತ್ತಗೆ ಅಂದ್ಲು, "ಗೀಸರ್ ಆನ್ ಇತ್ತು. ಆಫ್ ಮಾಡಿದೀನಿ."

ಅಪ್ಪ ಪೇಪರಿಂದ ತಲೆ ಎತ್ತಿ, "ಥ್ಯಾಂಕ್ಸ್" ಅಂದ್ರು.

ಥ್ಯಾಂಕ್ಸ್! ನನ್ನ ಕೈಲಿದ್ದ ಇಡ್ಲಿ ಸಾಂಬಾರಿಗೆ ಬಿತ್ತು. ಸಾಂಬಾರ್ ಹಾರಿ ಯೂನಿಫಾರಮ್ಮಿಗೆ ಬಿತ್ತು. ನಾನು ಬೇಕಂತಲೇ ಕಾದೆ, ಈಗ ಬೈತಾಳೆ ಅಂತ. ಅಮ್ಮ ಒಂದು ಬಟ್ಟೆ ತಂದು ಕೊಟ್ಟು, "ಪರವಾಗಿಲ್ಲ, ಒರೆಸ್ಕೋ" ಅಂದ್ಲು. ಅವತ್ತೇ ನಂಗೆ ಗೊತ್ತಾಯ್ತು, ಈ ಮನೇಲಿ ಏನೋ ಸರಿ ಇಲ್ಲ. ನಮ್ಮಪ್ಪ ಅಮ್ಮ ಕಿರುಚಾಡ್ತಿದ್ರೆ ನಾನು ಆರಾಮಾಗಿ ಮ್ಯಾತ್ಸ್ ಮಾಡ್ತೀನಿ. ಪರವಾಗಿಲ್ಲ, ಥ್ಯಾಂಕ್ಸ್, ನೀವು ಮೊದಲು ಹೋಗಿ ಅನ್ನೋಕೆ ಶುರು ಮಾಡಿದ್ರೆ ಎರಡು ಎರಡು ಕೂಡ್ಸೋಕೂ ಆಗಲ್ಲ.

ಆಮೇಲೆ ಅಪ್ಪ ಹಾಲಲ್ಲಿ ಮಲಗೋಕೆ ಶುರು ಮಾಡಿದ್ರು. ಕುಡಿಯೋ ಹಾಲಲ್ಲ, ಸೋಫಾ ಇರೋ ಹಾಲು. "ಬೆನ್ನು ನೋವು ಕಣ್ಲಾ, ಗಟ್ಟಿ ಜಾಗ ಬೇಕು." ನಮ್ಮ ಸೋಫಾ ಮೇಲೆ ಕೂತ್ರೆ ಎದ್ದು ಬರೋಕೆ ಇಬ್ರು ಕೈ ಕೊಡ್ಬೇಕು. ಅದು ಗಟ್ಟಿ ಜಾಗ ಅಂತೆ.

ಆಮೇಲೆ ಬೀಗದ ಕೈ. ಅಪ್ಪನ ಕೀ ಬಂಚಲ್ಲಿ ಒಂದು ಹೊಸ ಕೀ, ಪಳಪಳ ಅಂತಿತ್ತು. ಅಪ್ಪ ಸ್ನಾನಕ್ಕೆ ಹೋದಾಗ ನಾನು ಆ ಕೀನ ಮನೇಲಿರೋ ಎಲ್ಲಾ ಬೀಗಕ್ಕೂ ಹಾಕಿ ನೋಡ್ದೆ. ಬಾಗಿಲು, ಬೀರು, ಸ್ಕೂಟರ್, ತಂಗಿ ಪಿಗ್ಗಿ ಬ್ಯಾಂಕು. ಯಾವುದಕ್ಕೂ ಆಗ್ಲಿಲ್ಲ. ಎದುರು ಮನೆ ಬೀಗಕ್ಕೂ ಟ್ರೈ ಮಾಡ್ದೆ, ಒಳಗಿಂದ ತಾತ ಬಾಗಿಲು ತೆಗೆದು "ಎನ್ನಪ್ಪಾ?" ಅಂದ್ರು. "ಕರೆಂಟ್ ಇದ್ಯಾ ಅಂತ ಕೇಳೋಕೆ ಬಂದೆ ತಾತಾ" ಅಂದೆ. ಅವರ ಹಿಂದೆ ಟಿವಿ ಓಡ್ತಾ ಇತ್ತು.

"ಅಪ್ಪಾ, ಈ ಕೀ ಯಾವುದು?"

"ಅದಾ? ಆಫೀಸ್ ಲಾಕರ್ದು."

ನಾನು ಅಮ್ಮನ ಕಡೆ ನೋಡ್ದೆ. ಅಮ್ಮನ ಕೈ ಓಲೆ ಮೇಲೆ ಇತ್ತು. ಸುಳ್ಳು ಹೇಳಿದ್ದು ಅಪ್ಪ, ಓಲೆ ಮುಟ್ಕೊಂಡಿದ್ದು ಅಮ್ಮ. ಅಂದ್ರೆ ಇಬ್ರೂ ಸೇರಿದ್ದಾರೆ ಇದರಲ್ಲಿ.

ಕೇಸು ಬಿಚ್ಕೊಂಡಿದ್ದು ಬಾತ್‌ರೂಮಲ್ಲಿ. ಅಪ್ಪ ಶೇವ್ ಮಾಡ್ತಾ ಕನ್ನಡಿ ಜೊತೆ ಮಾತಾಡ್ತಿದ್ರು. ನಾನು ಬಾಗಿಲಿಗೆ ಕಿವಿ ಇಟ್ಟೆ. "ನೋಡಿ ಮಕ್ಳಾ, ಅಪ್ಪ ಅಮ್ಮ ಇಬ್ರೂ ನಿಮ್ಮನ್ನ ತುಂಬಾ ಪ್ರೀತಿಸ್ತೀವಿ. ಆದ್ರೆ..." ಟಪ್ ಅಂತ ನಲ್ಲಿ ಬಿಟ್ರು. ಮಾರನೇ ದಿನ ಮತ್ತೆ. "ಅಪ್ಪ ಅಮ್ಮ ಇನ್ಮೇಲೆ ಬೇರೆ ಬೇರೆ ಮನೇಲಿ ಇರ್ತೀವಿ, ಆದ್ರೆ..." ನಲ್ಲಿ. ಮೂರನೇ ದಿನ "ಡೈವೋರ್ಸ್ ಅಂದ್ರೆ ಏನೂ ದೊಡ್ಡ ವಿಷಯ ಅಲ್ಲ, ಆದ್ರೆ..." ನಲ್ಲಿ, ಅದರ ಜೊತೆ ಕೆಮ್ಮು. ನಮ್ಮಪ್ಪ ಬ್ಯಾಂಕಲ್ಲಿ ಎಷ್ಟೋ ಜನಕ್ಕೆ ಲೋನ್ ಇಲ್ಲ ಅಂತ ಮುಖಕ್ಕೆ ಹೇಳಿ ಕಳಿಸ್ತಾರೆ. ಕನ್ನಡಿ ಮುಂದೆ ಮಾತ್ರ ಒಂದು 'ಆದ್ರೆ' ದಾಟೋಕೆ ಆಗ್ಲಿಲ್ಲ.

ಅವತ್ತು ಸ್ಕೂಲ್ ಬಸ್ಸಲ್ಲಿ ಜೋಕ್ ಹೊಡೆಯೋಕೆ ನೋಡ್ದೆ, ಬರ್ಲಿಲ್ಲ. ಕ್ಲಾಸಲ್ಲಿ ಇನ್ನೂ ಇಬ್ರಿಗೆ ಹಿಂಗಾಗಿದೆ. ಒಬ್ಬ ಎರಡು ಮನೇಲೂ ವೀಡಿಯೋ ಗೇಮ್ ಇದೆ ಅಂತ ಮೆರೀತಾನೆ. ಇನ್ನೊಬ್ಬನ ಅಕ್ಕ ಅಮ್ಮನ ಜೊತೆ ಕೊಯಂಬತ್ತೂರಲ್ಲಿ, ಇವನು ಅಪ್ಪನ ಜೊತೆ ಇಲ್ಲಿ. ಅವನು ಅಕ್ಕನ ಜೊತೆ ಮಾತಾಡೋದು ವೀಡಿಯೋ ಕಾಲಲ್ಲಿ, ಅದೂ ನೆಟ್‌ವರ್ಕ್ ಚೆನ್ನಾಗಿದ್ರೆ. ನಂಗೆ ಹೆದರಿಕೆ ಇದ್ದಿದ್ದು ಅದು. ಅಪ್ಪ ಅಮ್ಮ ಬೇರೆ ಆದ್ರೆ ಆಗ್ಲಿ, ಅದಕ್ಕೆ ನಾನೇನು ಮಾಡೋಕಾಗುತ್ತೆ. ಆದ್ರೆ ಆ ಹೊಸ ಕೀ ಇದೆಯಲ್ಲ, ಅದರ ಜೊತೆ ಯಾರು ಹೋಗೋದು? ನಾನಾ? ಅವಳಾ? ಅವಳು ಇಲ್ಲಿ, ನಾನು ಅಲ್ಲಿ ಅಂದ್ರೆ ನನ್ನ ಜೋಕಿಗೆ ನಗೋರು ಯಾರು? ಅವಳೊಬ್ಳೇ ನಗೋದು. ಅರ್ಥ ಆಗ್ದೇ ಇದ್ರೂ ನಗ್ತಾಳೆ.

ಹಾಗಂತ ನಾನು ಅವಳಿಗೆ ಏನೂ ಹೇಳ್ಲಿಲ್ಲ. ಇನ್ವೆಸ್ಟಿಗೇಷನ್ ನಡೀತಿರುವಾಗ ಯಾರಿಗೂ ಹೇಳ್ಬಾರ್ದು.

ಒಂದು ಶನಿವಾರ ಬೆಳಿಗ್ಗೆ ನಾವಿಬ್ರೂ ಹಾಲಲ್ಲಿ ಕೇರಂ ಆಡ್ತಿದ್ವಿ. ಅಡುಗೆಮನೇಲಿ ಅಪ್ಪ ಅಮ್ಮ ಸಣ್ಣ ದನೀಲಿ ಮಾತಾಡ್ತಿದ್ರು. ಸಣ್ಣ ದನಿ ಅಂದ್ರೆ ನನ್ನ ಕಿವಿ ಆಟೋಮ್ಯಾಟಿಕ್ಕಾಗಿ ಆ ಕಡೆ ತಿರುಗುತ್ತೆ, ನಾಯಿಮರಿ ಕಿವಿ ಥರ.

"ಪಾಲು ಅಂದ್ರೆ ಚಿಕ್ಕವಳು ತಡ್ಕೊಳ್ಳಲ್ಲ ಕಣ್ರೀ," ಅಮ್ಮ.

"ಹಂಗಾದ್ರೆ ಪಾಲು ಬೇಡ ಅಂತೀಯಾ?" ಅಪ್ಪ.

"ನಿಮ್ಮಣ್ಣ ತಾನೇ ಪಾಲು ಪಾಲು ಅಂತ ತಲೆ ತಿಂತಿರೋದು. ದೊಡ್ಡವನಾದ್ರೆ ಹೆಂಗೋ ಒಗ್ಗಿಸ್ಕೋತಾನೆ. ಇವಳ ಕೈಲಿ ಆಗಲ್ಲ. ಇವಳಿಗೆ ಹೆಂಗೆ ಹೇಳೋದು, ಅದನ್ನ ಯೋಚ್ನೆ ಮಾಡಿ ಮೊದ್ಲು."

ತಂಗಿ ಸ್ಟ್ರೈಕರ್ ಬಿಟ್ಟು ನನ್ನ ಮುಖ ನೋಡಿದ್ಲು. "ಅಣ್ಣಾ, ಪಾಲು ಅಂದ್ರೆ ಎನ್ನ?"

ಈಗ ನನ್ನ ಫಾರ್ಮುಲಾ ಬಗ್ಗೆ ಹೇಳ್ಬೇಕು. ಪ್ರಪಂಚದಲ್ಲಿ ನಾನೊಬ್ನೇ ಕಂಡುಹಿಡಿದಿರೋದು. ತಮಿಳು ಪದದಲ್ಲಿ ಪ ತೆಗೆದು ಹ ಹಾಕಿದ್ರೆ ಕನ್ನಡ ರೆಡಿ. ಪುಲಿ, ಹುಲಿ. ಪೂ, ಹೂ. ಪಲ್ಲು, ಹಲ್ಲು. ಪೋ ಅಂದ್ರೆ ಹೋಗು. ಎಂಟು ವರ್ಷ ಇದ್ದಾಗ ಕಂಡುಹಿಡ್ದೆ. ಒಂದೇ ಸಲ ಫೇಲಾಗಿತ್ತು. ತಮಿಳಲ್ಲಿ ಅಜ್ಜಿಗೆ ಪಾಟಿ ಅಂತಾರಲ್ಲ, ನಾನು ಮೈಸೂರಲ್ಲಿ ಅಜ್ಜೀನ "ಹಾಟಿ" ಅಂತ ಕರೆದೆ. ಅವತ್ತು ಚಕ್ಕುಲಿ ಸಿಗ್ಲಿಲ್ಲ.

"ಪಾಲ್ ಡೀ," ಅಂದೆ. "ಹಾಲು. ಮಿಲ್ಕ್."

"ಹಾಲಿಗೆ ಹಾಲು ಅಂತ ತಾನೇ ಹೇಳ್ತಾರೆ ಅಮ್ಮ?"

"ಅದು ಹಳೇ ಕನ್ನಡ. ಮೊದ್ಲು ಕನ್ನಡದಲ್ಲೂ ಪಾಲು ಅಂತಾನೇ ಇತ್ತು. ನಮಗೆ ತಿಳೀಬಾರ್ದು ಅಂತ ಹಳೇ ಕನ್ನಡ ಬಳಸ್ತಿದಾರೆ." ನನ್ನ ಬುದ್ಧಿಗೆ ನಾನೇ ಒಳಗೊಳಗೆ ಚಪ್ಪಾಳೆ ತಟ್ಕೊಂಡೆ. ಎಲ್ಲಾ ಕರೆಕ್ಟಾಗಿ ಕೂತ್ಕೊಳ್ತು ನೋಡಿ. ಚಿಕ್ಕವಳು ಹಾಲು ತಡ್ಕೊಳ್ಳಲ್ಲ, ನಿಜ, ಲೋಟ ನೋಡಿದ್ರೆ ವಾಂತಿ ಬರೋ ಥರ ಮಾಡ್ತಾಳೆ. ದೊಡ್ಡವನು ಒಗ್ಗಿಸ್ಕೋತಾನೆ, ನಿಜ, ನಂಗೆ ಯಾವ ಹಾಲಾದ್ರೂ ಆಗುತ್ತೆ. ಇನ್ನು ದೊಡ್ಡಪ್ಪ, ಅಂದ್ರೆ ಅಪ್ಪನ ಅಣ್ಣ, ಮಂಡ್ಯದಲ್ಲಿ ನಾಲ್ಕು ಹಸು ಸಾಕಿದ್ದಾರೆ. ಫೋನ್ ಮಾಡಿದ್ರೆ ಮೊದಲನೇ ಪ್ರಶ್ನೆ "ಮಕ್ಳು ಹಾಲು ಕುಡೀತಾವಾ?" ಅವರು ಹಾಲು ಹಾಲು ಅಂತ ತಲೆ ತಿನ್ನದೆ ಇನ್ಯಾರು ತಿಂತಾರೆ?

ಇದು ನಮ್ಮಿಬ್ರನ್ನ ಬೇರೆ ಮಾಡೋ ಮಾತಲ್ಲ, ಬರೀ ಹಾಲಿನ ಮಾತು ಅಂತ ನಂಗೆ ಎಷ್ಟು ನಿರಾಳ ಆಯ್ತು ಅಂದ್ರೆ, ಬಾಯಿ ತಡೀಲಿಲ್ಲ. ಜೋಕ್ ಹೊಡ್ದೆ. "ನೀನು ಹಾಲು ಕುಡಿಯಲ್ಲ ಅಲ್ವಾ, ಅದಕ್ಕೇ ಅಪ್ಪ ಅಮ್ಮಂಗೆ ಜಗಳ. ಅದಕ್ಕೇ ಅಪ್ಪ ಬೇಜಾರಾಗಿ ಹಾಲಲ್ಲಿ ಮಲಗಿರೋದು!" ಹಾಲು, ಹಾಲಲ್ಲಿ. ಎಂಥಾ ಜೋಕು! ನಾನು ಬಿದ್ದು ಬಿದ್ದು ನಕ್ಕೆ.

ಅವಳು ನಗ್ಲಿಲ್ಲ. ನಾನದನ್ನ ನೋಟೀಸ್ ಮಾಡ್ಬೇಕಿತ್ತು. ಡಿಟೆಕ್ಟಿವ್ ಅಂತೆ ಡಿಟೆಕ್ಟಿವ್.

ಅವತ್ತು ಸಾಯಂಕಾಲ ಅವಳು ತಾನಾಗೇ ಹೋಗಿ "ಅಮ್ಮಾ, ಹಾಲು ಬೇಕು" ಅಂದ್ಲು. ಅಮ್ಮ ಅವಳ ಹಣೆ ಮುಟ್ಟಿ ನೋಡಿದ್ಲು, ಜ್ವರ ಇದ್ಯಾ ಅಂತ. ಮಾರನೇ ದಿನ ಎರಡು ಲೋಟ. ಬುಧವಾರದ ಹೊತ್ತಿಗೆ ನಾಲ್ಕು. ಮೂಗು ಹಿಡ್ಕೊಂಡು, ಕಣ್ಣು ಮುಚ್ಕೊಂಡು, ಗಟಗಟ. ಕುಡಿದಾದ್ಮೇಲೆ ಮೇಲ್ತುಟಿ ಮೇಲೆ ಬಿಳೀ ಮೀಸೆ ಬಿಟ್ಕೊಂಡು ಅಪ್ಪನ ಮುಂದೆ ಹೋಗಿ ನಿಂತ್ಕೋತಿದ್ಲು. ಅಪ್ಪ "ಭೇಷ್ ಕಣಮ್ಮೀ" ಅನ್ನೋರು. ಅವಳು ಅಲ್ಲೇ ನಿಂತಿರೋಳು, ಇನ್ನೇನೋ ಹೇಳ್ಲಿ ಅಂತ ಕಾಯೋ ಥರ. ಅಪ್ಪ ಇನ್ನೊಂದು ಸಲ "ಭೇಷ್" ಅನ್ನೋರು.

ನಂಗೆ ಅವಳ ಮೇಲೂ ಡೌಟು ಬಂತು. ಹಾಲು ಕಂಡ್ರೆ ಓಡೋ ಹುಡುಗಿ ನಾಲ್ಕು ಲೋಟ ಕುಡೀತಾಳೆ ಅಂದ್ರೆ ಇವಳಿಗೆ ಯಾರೋ ಏನೋ ಕೊಡ್ತಿದಾರೆ. ಇವಳು ಅವರ ಪಾರ್ಟಿ ಸೇರ್ಕೊಂಡಿದಾಳೆ. ಒಬ್ಬಳನ್ನ ಮೊದ್ಲು ಒಲಿಸ್ಕೊಂಡು ಆಮೇಲೆ ನಂಗೆ ಹೇಳೋ ಪ್ಲಾನು. ಅವಳ ಬ್ಯಾಗು ಚೆಕ್ ಮಾಡ್ದೆ. ಎರೇಸರು, ಅರ್ಧ ಬಿಸ್ಕೆಟ್ಟು, ಒಂದು ಸತ್ತ ಜೀರುಂಡೆ. ಲಂಚದ ಒಂದು ಗುರುತೂ ಇಲ್ಲ. "ಯಾಕೆ ಕುಡೀತೀಯಾ ಹೇಳು" ಅಂತ ಕೇಳ್ದೆ. "ಸುಮ್ಮಾ" ಅಂದ್ಲು. ಅಂದ್ರೆ ಸುಮ್ನೆ ಅಂತ. ಏಳು ವರ್ಷದವರು ಸುಮ್ಮಾ ಅಂದ್ರೆ ಯಾವತ್ತೂ ಸುಮ್ನೆ ಅಲ್ಲ.

ಭಾನುವಾರ ಬಂತು. ಅಪ್ಪ ಅಮ್ಮ ಇಬ್ರೂ ಒಟ್ಟಿಗೆ, "ನಡೀರಿ, ಇವತ್ತು ಹೊರಗೆ ಊಟ" ಅಂದ್ರು. ಹುಟ್ಟುಹಬ್ಬ ಇಲ್ಲ, ಬೋನಸ್ ಇಲ್ಲ, ರಿಸಲ್ಟ್ ಬಂದಿಲ್ಲ. ಹೊರಗೆ ಊಟ. ನಾನು ಚಪ್ಪಲಿ ಹಾಕ್ಕೊಳ್ತಾನೇ ಅಂದ್ಕೊಂಡೆ, ಇವತ್ತು ಆ 'ಆದ್ರೆ' ಮುಂದಿನದ್ದು ಬರುತ್ತೆ.

ಹೋಟೆಲಲ್ಲಿ ಅಪ್ಪ ಕೇಳಿದ್ದೆಲ್ಲಾ ಆರ್ಡರ್ ಮಾಡಿದ್ರು. ಗೋಬಿ ಮಂಚೂರಿಯನ್ ಬೇಕು ಅಂದೆ, ಬಂತು. ನೂಡಲ್ಸ್ ಅಂದೆ, ಬಂತು. ಆನೆ ಬೇಕು ಅಂದಿದ್ರೂ ಆವತ್ತು ಗ್ರೇವಿ ಹಾಕಿ ತಂದುಕೊಡ್ತಿದ್ರು. ತಂಗಿ ಮೆನು ಪೂರಾ ತಿರುವಿ ಬಾದಾಮಿ ಹಾಲು ಅಂದ್ಲು. ಊಟ ಮುಗೀತಾ ಬಂತು. ಅಪ್ಪ ಗಂಟಲು ಸರಿ ಮಾಡ್ಕೊಂಡ್ರು.

"ನೋಡಿ ಮಕ್ಳಾ. ಅಪ್ಪ ಅಮ್ಮ ಇಬ್ರೂ ನಿಮ್ಮನ್ನ ತುಂಬಾ ಪ್ರೀತಿಸ್ತೀವಿ."

ಈ ಲೈನ್ ನಂಗೆ ಬಾಯಿಪಾಠ. ಮುಂದಕ್ಕೆ ಬಗ್ಗಿ ಕೂತೆ.

"ಆದ್ರೆ..."

ಇಲ್ಲಿ ನಲ್ಲಿ ಇರ್ಲಿಲ್ಲ. ಅಪ್ಪ ಸುತ್ತ ನೋಡಿದ್ರು, ಎಲ್ಲಾದ್ರೂ ನಲ್ಲಿ ಇದ್ಯಾ ಅನ್ನೋ ಥರ. ಅಮ್ಮನ ಕಡೆ ನೋಡಿದ್ರು. ಅಮ್ಮ ಫಿಂಗರ್ ಬೌಲಲ್ಲಿದ್ದ ನಿಂಬೆಹಣ್ಣು ನೋಡ್ತಿದ್ಲು. ತಂಗಿ ಸ್ಟ್ರಾ ಬಾಯಲ್ಲಿಟ್ಕೊಂಡು ಅಪ್ಪನ್ನೇ ನೋಡ್ತಿದ್ಲು.

"ಆದ್ರೆ... ಮುಂದಿನ ವಾರ ಎಸಿ ಸರ್ವಿಸ್‌ಗೆ ಬರ್ತಾರೆ," ಅಂದ್ರು ಅಪ್ಪ. "ಎರಡು ದಿನ ಫ್ಯಾನಲ್ಲೇ ಅಡ್ಜಸ್ಟ್ ಮಾಡ್ಕೋಬೇಕು."

"ಹೂಂ," ಅಂದ್ಲು ಅಮ್ಮ. ಓಲೆ ಮುಟ್ಕೊಂಡು.

ಇಬ್ರೂ ದೊಡ್ಡವರು, ಇಬ್ರೂ ಸಂಬಳ ತಗೊಳ್ಳೋರು, ಇಷ್ಟು ದಿನ ಪ್ರಾಕ್ಟೀಸ್ ಮಾಡಿದೋರು. ಎಸಿ ಸರ್ವಿಸ್! ನಂಗೆ ನಗು ಬಂತೋ ಕೋಪ ಬಂತೋ ಗೊತ್ತಾಗ್ಲಿಲ್ಲ. ಕೈಗೆ ಏನಾದ್ರೂ ಕೆಲಸ ಬೇಕಿತ್ತು. ಪ್ಲೇಟಲ್ಲಿ ಉಳಿದಿದ್ದ ಕೊನೇ ಗೋಬಿಗೆ ಫೋರ್ಕ್ ಚುಚ್ಚಿದೆ.

"ಲೇ ಲೇ," ಅಪ್ಪ ನನ್ನ ಕೈ ತಡೆದ್ರು. "ನಿನ್ನ ಪಾಲು ಆಯ್ತಲ್ಲ. ಅದು ಅವಳ ಪಾಲು ಕಣ್ಲಾ."

ಪಾಲು? ನಾನು ಟೇಬಲ್ ಮೇಲೆ ಹಾಲು ಹುಡುಕಿದೆ. ನನ್ನ ಮುಂದೆ ಲೈಮ್ ಸೋಡಾ. ಹಾಲಿದ್ದಿದ್ದು ತಂಗಿ ಹತ್ರ ಮಾತ್ರ, ಅದನ್ನ ಯಾರೂ ಮುಟ್ಟಿರ್ಲಿಲ್ಲ. ಅಪ್ಪ ತೋರಿಸ್ತಿದ್ದಿದ್ದು ಗೋಬಿನ.

"ಅಪ್ಪಾ, ಪಾಲು ಅಂದ್ರೆ ಏನು?"

"ಪಾಲು ಅಂದ್ರೆ ಭಾಗ ಕಣ್ಲಾ. ಶೇರು. ಇಷ್ಟು ದೊಡ್ಡವನಾಗಿದೀಯ, ಇದೂ ಗೊತ್ತಿಲ್ವಾ? ನಿಂಗೊಂದು ಪಾಲು, ಅವಳಿಗೊಂದು..."

ಅಷ್ಟಕ್ಕೆ ನಿಂತ್ರು. ಅಮ್ಮನ ಕೈಲಿದ್ದ ಚಮಚಾನೂ ನಿಂತು ಹೋಯ್ತು. ಇಬ್ರೂ ಒಬ್ರ ಮುಖ ಒಬ್ರು ನೋಡ್ಕೊಂಡ್ರು. ಆಮೇಲೆ ಇಬ್ರೂ ನನ್ನ ನೋಡಿದ್ರು. ನಾನು ನೂಡಲ್ಸ್ ನೋಡ್ದೆ.

ಪಾಲು ಅಂದ್ರೆ ಚಿಕ್ಕವಳು ತಡ್ಕೊಳ್ಳಲ್ಲ. ದೊಡ್ಡವನಾದ್ರೆ ಹೆಂಗೋ ಒಗ್ಗಿಸ್ಕೋತಾನೆ.

ಹಸು, ಹಾಲು, ಹಳೇ ಕನ್ನಡ ಎಲ್ಲಾ ಒಂದೇ ಸಲ ತಲೆಯಿಂದ ಬಿದ್ದೋಯ್ತು. ಪಾಲು ಮಾಡೋಕೆ ಹೊರಟಿದ್ದು ನಮ್ಮನ್ನ. ಗೋಬಿ ಥರ. ಫಾರ್ಮುಲಾ ಎರಡನೇ ಸಲ ಫೇಲು. ಮೊದಲನೇ ಸಲ ಚಕ್ಕುಲಿ ಹೋಗಿತ್ತು.

ಆ ಗೋಬಿ ತಂಗಿನೂ ತಿನ್ಲಿಲ್ಲ, ನಾನೂ ತಿನ್ಲಿಲ್ಲ. ಪಾರ್ಸೆಲ್ ಮಾಡಿಸ್ಕೊಂಡು ಬಂದ್ವಿ. ಒಂದೇ ಒಂದು ಗೋಬಿ ಪೀಸು, ಡಬ್ಬೀಲಿ. ಇದನ್ನೂ ನೀವು ನಂಬಲ್ಲ.

ಸೋಮವಾರ ಸ್ಕೂಲಿಂದ ಬಂದಾಗ ನಾಲ್ಕು ಗಂಟೆ. ಮನೇಲಿ ನಾವಿಬ್ರೇ. ಬ್ಯಾಗು ಬಿಸಾಕಿ ಅಡುಗೆಮನೆಗೆ ಹೋದ್ರೆ ತಂಗಿ ಸ್ಟೂಲ್ ಹತ್ತಿ ನಿಂತು, ಫ್ರಿಜ್ಜಿಂದ ಹಾಲಿನ ಪಾತ್ರೆ ತೆಗೆದು ಲೋಟಕ್ಕೆ ಬಗ್ಗಿಸ್ತಿದ್ಲು. ಅರ್ಧ ಲೋಟಕ್ಕೆ, ಅರ್ಧ ಕಟ್ಟೆಗೆ.

"ಇದು ಎಷ್ಟನೇದು?"

"ಮೂರು. ಇನ್ನೊಂದು ಇದೆ."

"ಸಾಕು ಬಿಡೇ. ಹೊಟ್ಟೆ ಒಡೆದೋಗುತ್ತೆ."

"ಇವತ್ತು ಬಿಡ್ಬಾರ್ದು," ಅಂದ್ಲು. "ಹತ್ತು ದಿನ ಆಗ್ಬೇಕು ಅಂತ ನಾನೇ ಲೆಕ್ಕ ಹಾಕಿದೀನಿ. ಹತ್ತು ದಿನ ಫುಲ್ಲಾ ಕುಡಿದ್ರೆ ಅಪ್ಪ ರೂಮಿಗೆ ವಾಪಸ್ ಬರ್ತಾರೆ."

"ಹಾಲು ಕುಡಿದ್ರೆ ಬರ್ತಾರೆ ಅಂತ ಯಾರು ಹೇಳಿದ್ದು ನಿಂಗೆ?"

"ನೀನು ದಾನೆ?"

ನಾನು ತಾನೆ. ಹೌದು. ಆ ಮಹಾನುಭಾವ ನಾನೇ.

ಲೋಟ ಕಟ್ಟೆ ಮೇಲಿಟ್ಟು ಅವಳು ಮೆತ್ತಗೆ ಹತ್ರ ಬಂದ್ಲು. "ಯಾರಿಗೂ ಸೊಲ್ಲಾದೆ. ಹೇಳ್ಬೇಡ. ನಾನು ಎಲ್ ಕೆ ಜಿಯಿಂದ ಹಾಲು ಬಾಲ್ಕನಿ ಗಿಡಕ್ಕೆ ಹಾಕ್ತಿದ್ದೆ. ಡೈಲಿ ಇಲ್ಲ. ಜಾಸ್ತಿ ದಿನ. ಅದು ಅಪ್ಪಂಗೆ ಗೊತ್ತಾಗಿಬಿಟ್ಟಿದೆ ಅಲ್ವಾ?"

ನಮ್ಮ ಬಾಲ್ಕನಿ ಯಾಕೆ ನಾರುತ್ತೆ ಅಂತ ಅಪ್ಪ ಎರಡು ಸಲ ಪ್ಲಂಬರ್ ಕರೆಸಿದ್ರು. ಬೇರೆ ದಿನ ಆಗಿದ್ರೆ ಈ ಒಂದು ವಿಷಯಕ್ಕೆ ನಾನು ಒಂದು ವಾರ ಮೆರೀತಿದ್ದೆ. ಅವತ್ತು ಅವಳ ಮೀಸೆ ನೋಡ್ತಾ ನಿಂತೆ. ಈ ಹುಡುಗಿ ಒಬ್ಳೇ, ಒಂಬತ್ತು ದಿನದಿಂದ, ಅಪ್ಪ ಅಮ್ಮನ ಮದುವೇನ ಸ್ಟೀಲ್ ಲೋಟದಲ್ಲಿ ಎತ್ಕೊಂಡು ಓಡಾಡ್ತಿದ್ಲು.

"ಕೇಳು ಇಲ್ಲಿ," ಅಂದೆ. ಎಷ್ಟು ಕಷ್ಟ ಅಂತ ಆಗ ಗೊತ್ತಾಯ್ತು. ಬಾಯಿ ತೆಗೆದ್ರೆ ಅಪ್ಪನ ಲೈನೇ ಬರ್ತಿದೆ. "ನೋಡು, ಅಪ್ಪ ಅಮ್ಮ ಇಬ್ರೂ ನಮ್ಮನ್ನ... ಆದ್ರೆ..." ಸಿಂಕಿನ ನಲ್ಲಿ ನನ್ನ ಕೈಗೇ ಸಿಗೋ ಹಾಗಿತ್ತು. ಬಿಡ್ಲಿಲ್ಲ. "ಹಾಲಿನ ವಿಷಯ ಅಲ್ಲ ಅದು. ನಾನು ತಪ್ಪು ಹೇಳ್ದೆ."

"ನೀನಾ? ತಪ್ಪಾ?"

"ನಾನೇ. ಪಾಲು ಅಂದ್ರೆ ಹಾಲಲ್ಲ."

"ಮತ್ತೆ?"

"ಶೇರ್. ಭಾಗ."

ಅವಳು ಯೋಚ್ನೆ ಮಾಡಿದ್ಲು. ಅವಳು ಯೋಚ್ನೆ ಮಾಡೋವಾಗ ಕೆಳತುಟಿ ಒಳಗೆ ಹೋಗುತ್ತೆ. "ಯಾವುದನ್ನ ಶೇರ್ ಮಾಡೋದು?"

ಕಟ್ಟೆ ಮೇಲೆ ಚೆಲ್ಲಿದ್ದ ಹಾಲು ಒರೆಸೋಕೆ ನಾನು ಬಟ್ಟೆ ತಗೊಂಡೆ.

"ಟಿವಿನಾ?"

"ಅಲ್ಲ."

"ಕಾರಾ?"

"ಅಲ್ಲ ಕಣೇ." ಸುಳ್ಳು ಹೇಳೋದ್ರಲ್ಲಿ ನಾನು ಸ್ಟೇಟ್ ಫಸ್ಟ್. ಕರೆಂಟ್ ಇದ್ಯಾ ತಾತಾ ಅಂತ ಒಂದು ಸೆಕೆಂಡಲ್ಲಿ ಹೇಳ್ದೋನು. ಆಗ ಒಂದೂ ಬರ್ಲಿಲ್ಲ. "ಅಪ್ಪ ಅಮ್ಮ ಬೇರೆ ಬೇರೆ ಮನೇಲಿ ಇರ್ತಾರೆ ಇನ್ಮೇಲೆ. ಡೈವೋರ್ಸ್. ನಾವಿಬ್ರೂ ಒಂದೊಂದು ಕಡೆ... ಅದೇ ಇರ್ಬೇಕು ಪಾಲು ಅಂದ್ರೆ."

"ನಾನು ಯಾರಿಗೆ?" ಅಂದ್ಲು. ಆಮೇಲೆ ತಕ್ಷಣ, "ನೀನು ಯಾರಿಗೆ?"

"ಗೊತ್ತಿಲ್ಲ."

ಅವಳು ಅಳ್ತಾಳೆ ಅಂದ್ಕೊಂಡೆ. ಅಳ್ಲಿಲ್ಲ. ಸ್ಟೂಲ್ ಹತ್ತಿದ್ಲು. ಲೋಟ ಎತ್ಕೊಂಡ್ಲು. "ಮೂರನೇದು ಕುಡಿದುಬಿಡ್ತೀನಿ," ಅಂದ್ಲು. "ಆಮೇಲೆ ನಾಲ್ಕನೇದು. ನಾಳೆ ಐದು ಕುಡೀತೀನಿ."

"ಬೇಡ ಕಣೇ, ಅದರಿಂದ ಏನೂ..."

"ನೀನು ಈಗ ತಾನೇ ತಪ್ಪು ಹೇಳ್ದೆ ಅಂದ್ಯಲ್ಲ! ಇದೂ ತಪ್ಪಿರ್ಬೋದು!" ಮೂಗು ಹಿಡ್ಕೊಂಡ್ಲು. ಕಣ್ಣು ಮುಚ್ಚಿದ್ಲು.

"ಇಡು ಅದನ್ನ."

ನಾನಲ್ಲ ಅಂದಿದ್ದು. ಅಡುಗೆಮನೆ ಬಾಗಿಲಲ್ಲಿ ಅಮ್ಮ ನಿಂತಿದ್ಲು. ಕೊರಳಲ್ಲಿ ಆಫೀಸ್ ಟ್ಯಾಗು ಇನ್ನೂ ನೇತಾಡ್ತಿತ್ತು, ಬ್ಯಾಗ್ ಭುಜದ ಮೇಲೆ. ಆಫೀಸ್ ಇರೋ ದಿನ ನಾಲ್ಕೂವರೆ ಗಂಟೆಗೆ ಅಮ್ಮ ಮನೇಲಿ ಇದ್ದಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ನಿನ್ನೆ ಹೋಟೆಲಲ್ಲಿ ನಾನು ಕೇಳಿದ ಆ ಒಂದು ಪ್ರಶ್ನೆ ಅವಳನ್ನ ಶೋಳಿಂಗನಲ್ಲೂರಿಂದ ಮಧ್ಯಾಹ್ನವೇ ಎಬ್ಬಿಸಿ ತಂದಿತ್ತು. ಎಷ್ಟು ಹೊತ್ತಿಂದ ನಿಂತಿದ್ಲೋ. ಎಷ್ಟು ಕೇಳಿಸ್ಕೊಂಡ್ಲೋ. ಅವಳ ಮುಖ ನೋಡಿದ್ರೆ ಪೂರ್ತಿ ಅನ್ಸ್ತು.

"ಕುಡೀತಿದೀನಮ್ಮಾ," ತಂಗಿ ಲೋಟ ಮೇಲೆತ್ತಿ ತೋರಿಸಿದ್ಲು. "ನೋಡು, ಫುಲ್ಲಾ ಕುಡೀತೀನಿ."

ಅಮ್ಮ ಬಂದು ಎರಡೂ ಕೈಯಲ್ಲಿ ಆ ಲೋಟ ತಗೊಂಡ್ಲು. ಸಿಂಕಿಗೆ ಸುರಿದ್ಲು. ಒಂದು ತೊಟ್ಟೂ ಬಿಡ್ದೆ.

"ನೀನು ಕುಡಿದ್ರೂ ಅಪ್ಪ ಹೋಗ್ತಾರೆ ಪುಟ್ಟಾ," ಅಂದ್ಲು. ವಾರ್ತೆ ಕನ್ನಡ ಅಲ್ಲ, ಮನೆ ಕನ್ನಡ. "ಕುಡೀದಿದ್ರೂ ಹೋಗ್ತಾರೆ. ಕೋಡಂಬಾಕ್ಕಂನಲ್ಲಿ ಮನೆ ಮಾಡಿದಾರೆ. ಅದು ನಂಗೂ ಅಪ್ಪಂಗೂ ಇರೋ ವಿಷಯ. ನೀನು ಗಿಡಕ್ಕೆ ಹಾಕಿದ ಹಾಲಿಂದ ಅಲ್ಲ."

ತಂಗಿ ನನ್ನ ನೋಡಿದ್ಲು, ನೀನು ಹೇಳ್ಬಿಟ್ಯಾ ಅನ್ನೋ ಥರ. ನಾನು ತಲೆ ಅಲ್ಲಾಡಿಸ್ದೆ.

"ಪಾಲು?" ಅಂದೆ ನಾನು.

"ಅದು ನಿಮ್ಮ ದೊಡ್ಡಪ್ಪ ಹೇಳಿದ ಮಾತು. ಒಬ್ಬೊಬ್ರು ಒಂದೊಂದು ಕಡೆ ಇರ್ಲಿ ಅಂತ. ನಾವೂ ನಾಲ್ಕು ದಿನ ಅದನ್ನೇ ಮಾತಾಡಿದ್ವಿ, ಸುಳ್ಳು ಯಾಕೆ ಹೇಳ್ಲಿ. ನಿನ್ನೆ ರಾತ್ರಿ ಅಪ್ಪ ದೊಡ್ಡಪ್ಪಂಗೆ ಫೋನ್ ಮಾಡಿ ಆಗಲ್ಲ ಅಂದ್ರು." ಅಮ್ಮ ನಲ್ಲಿ ತಿರುಗಿಸಿ ಲೋಟ ತೊಳೆಯೋಕೆ ಶುರು ಮಾಡಿದ್ಲು. "ಇಲ್ಲಿದ್ರೆ ಇಬ್ರೂ ಇಲ್ಲಿ. ಅಲ್ಲಿಗೆ ಹೋದ್ರೆ ಇಬ್ರೂ ಅಲ್ಲಿ. ನೀವಿಬ್ರೂ ಸೇರಿ ಒಂದೇ ಪಾಲು."

ನಂಗೆ ನಂಬಿಕೆ ಬರ್ಲಿಲ್ಲ. ಎಸಿ ಸರ್ವಿಸ್ ಅಂದೋರು ಇವರು. ನಾನು ಪಕ್ಕಕ್ಕೆ ಸರಿದು, ಅವಳ ಬಲಗಡೆ ಕಿವಿ ಸರಿಯಾಗಿ ಕಾಣೋ ಹಾಗೆ ನಿಂತ್ಕೊಂಡು ನೋಡ್ದೆ.

ಎರಡು ಕೈಯೂ ನಲ್ಲಿ ಕೆಳಗಿದ್ವು. ಓಲೆ ಅಲ್ಲಾಡ್ಲಿಲ್ಲ.